ಬೈಕ್ ಎಳೆಯುವ ಸಾಮಾನು ಟ್ರೈಲರ್: ಲಕ್ಷಣ ನೋಡಿ ದೋಷ ಪತ್ತೆ ಹಚ್ಚುವ ಕ್ರಮ

ಈ ಕೈಪಿಡಿ ಬೈಕಿನ ಹಿಂದೆ ಕಟ್ಟಿ ಎಳೆಯುವ, ಎರಡು ಚಕ್ರ ಮತ್ತು ಒಂದೇ ಅಚ್ಚು ಇರುವ ಸಣ್ಣ ಸಾಮಾನು ಟ್ರೈಲರ್‌ಗೆ ಸಂಬಂಧಿಸಿದ್ದು. ಚೌಕಟ್ಟನ್ನು ತಾವೇ ಬೆಸೆದು ಮಾಡಿಕೊಂಡಿದ್ದರೂ, ಬಿಡಿಭಾಗ ತರಿಸಿ ಜೋಡಿಸಿದ್ದರೂ ಬರುವ ತೊಂದರೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಕಾರಿನ ಹಿಂದೆ ಓಡುವ ಟ್ರೈಲರ್‌ನ ಸಣ್ಣಪುಟ್ಟ ದೋಷಗಳನ್ನು ಕಾರಿನ ತೂಕವೇ ನುಂಗಿಹಾಕುತ್ತದೆ. ಬೈಕಿಗೆ ಆ ಅನುಕೂಲ ಇಲ್ಲ. ಎಳೆಯುವ ವಾಹನವೇ ಹಗುರವಾಗಿ, ತಿರುವಿನಲ್ಲಿ ವಾಲಿಕೊಂಡು ಹೋಗುವಂಥದ್ದಾಗಿರುವುದರಿಂದ ಹಿಂದಿನ ಅಳತೆ ಎಲ್ಲಿ ತಪ್ಪಿದರೂ ಅದು ನೇರವಾಗಿ ಸವಾರನ ಕೈಗೆ ಬರುತ್ತದೆ. ಹ್ಯಾಂಡಲ್‌ನಲ್ಲಿ ಕಾಣಿಸಿಕೊಂಡ ನಡುಕಕ್ಕೆ ಕಾರಣ ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟ ಒಂದು ಭಾರದ ಚೀಲವಾಗಿರಬಹುದು. ಆದ್ದರಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ತೂಗಿ ನೋಡಬೇಕು, ಅಳೆದು ನೋಡಬೇಕು ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಬೇಕು. ಎರಡು ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಮುಂದೆ ಬರುವ ಕೆಲವು ಮಾತುಗಳು ಹೀಗಿವೆ: ಚೌಕಟ್ಟಿನಿಂದ ಬೈಕಿನತ್ತ ಚಾಚಿದ ಉದ್ದನೆಯ ದಂಡವೇ ಮೂಕಿ, ಬೈಕಿನ ಕಡೆಯ ಬಾಲ್ (ಲೋಹದ ಗುಂಡು) ಮತ್ತು ಅದರ ಮೇಲೆ ಕೂರುವ, ಮೂಕಿಯ ತುದಿಯ ಕಪ್ಲರ್ ಸೇರಿ ಕೊಂಡಿ, ಮೂಕಿಯ ತುದಿ ಕೊಂಡಿಯ ಮೇಲೆ ಕೆಳಮುಖವಾಗಿ ಒತ್ತುವ ತೂಕವೇ ಮುಂಭಾರ.

ಪರೀಕ್ಷೆಗೆ ಮೊದಲು

ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡಿನ ಅಡೆ ಕೊಡಿ. ಚಕ್ರ ಬಿಚ್ಚುವ ಕೆಲಸವಿದ್ದರೆ ಸಾಮಾನು ಇಳಿಸಿ, ಚೌಕಟ್ಟಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು. ಕೊಂಡಿ ಕಳಚುವ ಮೊದಲು ಮುಂಭಾರ ಇದೆಯೇ ಎಂದು ಮೂಕಿಯನ್ನು ಸ್ವಲ್ಪ ಎತ್ತಿ ನೋಡಿ, ಏಕೆಂದರೆ ಹಿಂಭಾರವಾದ ಟ್ರೈಲರ್‌ನ ಮೂಕಿ ಕಳಚಿದ ಕ್ಷಣವೇ ಮುಖಕ್ಕೆ ಬಡಿಯುವಂತೆ ಮೇಲಕ್ಕೆ ಚಿಮ್ಮುತ್ತದೆ. ಬೈಕ್ ತಯಾರಕರ ಕೈಪಿಡಿಯಲ್ಲಿ ಟ್ರೈಲರ್ ಎಳೆಯುವ ಬಗ್ಗೆ ಏನು ಹೇಳಿದೆ, ನೀವಿರುವ ಕಡೆಯ ವಾಹನ ನಿಯಮ ಮತ್ತು ವಿಮೆ ಅದನ್ನು ಒಪ್ಪುತ್ತವೆಯೇ ಎಂಬುದನ್ನೂ ಮೊದಲೇ ನೋಡಿಕೊಂಡಿರಬೇಕು. ಎಳೆಯಬಾರದೆಂದು ತಯಾರಕರೇ ಹೇಳಿದ್ದರೆ ಮುಂದಿನ ಯಾವ ರಿಪೇರಿಯೂ ಅದಕ್ಕೆ ಪರಿಹಾರವಲ್ಲ.

ವೇಗ ಏರಿದಂತೆ ಟ್ರೈಲರ್ ಅತ್ತಿತ್ತ ಹೊಯ್ದಾಡುತ್ತದೆ

ನಿಧಾನವಾಗಿ ಹೋಗುವಾಗ ಏನೂ ತಿಳಿಯುವುದಿಲ್ಲ. ವೇಗ ಒಂದು ಹಂತ ದಾಟಿದ ಮೇಲೆ ಸೀಟಿನ ಹಿಂದಿನಿಂದ ಯಾರೋ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳಿದಂತಾಗುತ್ತದೆ ಮತ್ತು ಕನ್ನಡಿಯಲ್ಲಿ ಪೆಟ್ಟಿಗೆ ಹೊಯ್ದಾಡುವುದು ಕಾಣುತ್ತದೆ. ಇಲ್ಲಿ ಹೇಳುವ ಎಲ್ಲ ಲಕ್ಷಣಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವುದು ಇದೇ.

ಓಡಿಸುತ್ತಿರುವಾಗಲೇ ಹೀಗಾದರೆ ಥ್ರಾಟಲ್ ಮೆಲ್ಲಗೆ ಬಿಡಿ, ಹ್ಯಾಂಡಲ್ ನೇರವಾಗಿ ಹಿಡಿದು ವೇಗ ತಾನಾಗಿ ಇಳಿಯಲು ಬಿಡಿ. ಹೊಯ್ದಾಟಕ್ಕೆ ಪ್ರತಿಯಾಗಿ ಹ್ಯಾಂಡಲ್ ತಿರುಗಿಸಬಾರದು. ಬ್ರೇಕನ್ನು ಜೋರಾಗಿ ಒತ್ತಲೂ ಬಾರದು, ವೇಗ ಹೆಚ್ಚಿಸಿ ಪಾರಾಗಲು ನೋಡಲೂ ಬಾರದು. ಬ್ರೇಕ್ ಇಲ್ಲದ ಟ್ರೈಲರ್ ಹಿಂದಿನಿಂದ ನುಗ್ಗಿ ಬೈಕನ್ನು ಅಡ್ಡಕ್ಕೆ ತಿರುಗಿಸಿಬಿಡುತ್ತದೆ.

ನಿಂತ ಮೇಲೆ ಮೊದಲು ನೋಡಬೇಕಾದದ್ದು ಮುಂಭಾರ. ಇದಕ್ಕೆ ಖರ್ಚೇನೂ ಇಲ್ಲ. ಮನೆಬಳಕೆಯ ತೂಕದ ಯಂತ್ರವನ್ನು ಮೂಕಿಯ ತುದಿಯ ಕೆಳಗಿಟ್ಟು, ಕಪ್ಲರ್ ಬೈಕಿಗೆ ಸಿಕ್ಕಿಸಿದಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಬರುವಂತೆ ಮರದ ತುಂಡು ಕೊಟ್ಟು ತೂಗಿ, ಮರದ ತೂಕ ಕಳೆಯಿರಿ. ಸಾಮಾನು ಸಮೇತ ಟ್ರೈಲರ್‌ನ ಒಟ್ಟು ತೂಕದ ಶೇ. 10ರ ಆಸುಪಾಸು ಮುಂಭಾರ ಇರಬೇಕು, ಶೇ. 15 ದಾಟಬಾರದು ಮತ್ತು ಕೊಂಡಿಯ ತಯಾರಕರು ಹೇಳಿದ ಮಿತಿಯನ್ನು ಯಾವ ಕಾರಣಕ್ಕೂ ಮೀರಬಾರದು. ಒಟ್ಟು 60 ಕಿ.ಗ್ರಾಂ ಇದ್ದರೆ 6 ಕಿ.ಗ್ರಾಂ ಆಸುಪಾಸು ಇರಬೇಕೆಂದು ಲೆಕ್ಕ. ತೂಗಿದಾಗ 2 ಕಿ.ಗ್ರಾಂ ಬಂದರೆ ಕಾರಣ ಸಿಕ್ಕಿದಂತೆಯೇ. ಅಚ್ಚಿನಿಂದ ಕೊಂಡಿಗೆ ಒಂದೂವರೆ ಮೀಟರ್ ದೂರವಿದೆ ಎಂದುಕೊಳ್ಳಿ. ಅಚ್ಚಿಗಿಂತ 30 ಸೆಂ.ಮೀ. ಹಿಂದಿರುವ 10 ಕಿ.ಗ್ರಾಂ ಚೀಲವನ್ನು ಅಚ್ಚಿಗಿಂತ 30 ಸೆಂ.ಮೀ. ಮುಂದಕ್ಕೆ ತಂದರೆ ಸಾಕು, ಮುಂಭಾರ 4 ಕಿ.ಗ್ರಾಂ ಹೆಚ್ಚುತ್ತದೆ. ಹೊಸದಾಗಿ ಏನನ್ನೂ ಕೊಳ್ಳದೆ, ಒಂದು ಚೀಲ ಸರಿಸುವುದರಿಂದಲೇ ಹೋಗುವ ತೊಂದರೆಗೆ ಎಷ್ಟೋ ಜನ ಮೊದಲು ಸ್ಪ್ರಿಂಗ್ ಬದಲಾಯಿಸುತ್ತಾರೆ ಎಂಬುದು ಬೇಸರದ ಸಂಗತಿ.

ಸಾಮಾನನ್ನು ಹಿಂದುಮುಂದು ಸರಿಸುವುದರ ಜೊತೆಗೆ ಭಾರವಾದವು ಅಚ್ಚಿನ ಹತ್ತಿರ, ತಳದಲ್ಲಿ ಇರಬೇಕು. ಎರಡು ತುದಿಗಳಲ್ಲಿ ಭಾರ ಇಟ್ಟು ಮುಂಭಾರದ ಲೆಕ್ಕ ಸರಿಹೊಂದಿಸಿದರೂ ಒಮ್ಮೆ ಶುರುವಾದ ಹೊಯ್ದಾಟ ಬೇಗ ನಿಲ್ಲುವುದಿಲ್ಲ. ಹಿಂದಿನ ಬಾಗಿಲಿಗೆ ನೀರಿನ ಕ್ಯಾನ್ ಅಥವಾ ಉಪಕರಣದ ಡಬ್ಬಿ ತೂಗುಹಾಕುವ ಚೌಕಟ್ಟು ಮಾಡಿಸಿಕೊಂಡಿದ್ದರೆ ಅದನ್ನು ಮೂಕಿಯ ಕಡೆಗೆ ಬದಲಾಯಿಸುವುದು ಮೇಲು.

ಮುಂಭಾರ ಸರಿಯಿದ್ದೂ ಹೊಯ್ದಾಡಿದರೆ ಖಾಲಿ ಟ್ರೈಲರ್ ಎಳೆದು ನೋಡಿ. ಖಾಲಿಯಿದ್ದಾಗ ನೆಟ್ಟಗೆ ಓಡಿ, ತುಂಬಿದಾಗ ಮಾತ್ರ ಹೊಯ್ದಾಡಿದರೆ ಸಾಮಾನು ಒಳಗೇ ಜಾರುತ್ತಿರಬಹುದು, ಇಲ್ಲವೇ ಒಟ್ಟು ತೂಕ ಹೆಚ್ಚಾಗಿರಬಹುದು. ಖಾಲಿಯಿದ್ದಾಗಲೂ ಹೊಯ್ದಾಡಿದರೆ ಎರಡು ಟೈರುಗಳ ಗಾಳಿ ಸಮನಾಗಿದೆಯೇ, ಬೈಕಿನ ಹಿಂದಿನ ಟೈರಿನ ಗಾಳಿ ಸಾಕಷ್ಟಿದೆಯೇ, ಕೊಂಡಿ ಸಡಿಲವಾಗಿದೆಯೇ, ಅಚ್ಚು ನೇರವಾಗಿದೆಯೇ ಎಂಬ ಕ್ರಮದಲ್ಲಿ ಹೋಗಿ. ಕೊಂಡಿಯ ಹತ್ತಿರ ಕುಳಿತು, ಇನ್ನೊಬ್ಬರಿಂದ ಪೆಟ್ಟಿಗೆಯನ್ನು ಅಡ್ಡಡ್ಡ ತಳ್ಳಿಸಿ ನೋಡಿ. ಬಾಲ್ ಕೂತಿರುವ ತಗಡು ತಿರುಚಿದಂತೆ ಕಂಡರೆ, ಅಥವಾ ಬೈಕಿನ ಹಿಂದಿನ ಚಕ್ರ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಬುಷ್‌ಗಳ ಕಡೆಯಿಂದ ಅಲುಗಾಟ ಬಂದರೆ ದೋಷ ಟ್ರೈಲರ್‌ನದ್ದಲ್ಲ. ಮೂಕಿ ತೀರ ಗಿಡ್ಡವಾಗಿ ಮಾಡಿದ ಟ್ರೈಲರ್ ಹುಟ್ಟಿನಿಂದಲೇ ಚಂಚಲವಾಗಿರುತ್ತದೆ. ಅಂಥದ್ದಕ್ಕೆ ಮೂಕಿ ಉದ್ದ ಮಾಡುವುದೊಂದೇ ದಾರಿ, ಅದು ನುರಿತ ಫ್ಯಾಬ್ರಿಕೇಟರ್ ಮಾಡಬೇಕಾದ ಕೆಲಸ. ಇವೆಲ್ಲ ಸರಿಯಿದ್ದೂ ಹೊಯ್ದಾಟ ನಿಲ್ಲದಿದ್ದರೆ ಆ ಟ್ರೈಲರ್ ರಸ್ತೆಗೆ ಇಳಿಯಬಾರದು.

ಮುಂದಿನ ಚಕ್ರ ಹಗುರವಾಗಿ, ಹ್ಯಾಂಡಲ್ ತೇಲಿದಂತೆ ಅನ್ನಿಸುತ್ತದೆ

ಇದು ಹಿಂದಿನದರ ತದ್ವಿರುದ್ಧ: ಮುಂಭಾರ ಅತಿಯಾಗಿದೆ. ಬೈಕಿನ ಹಿಂದಿನ ಅಚ್ಚಿಗಿಂತ 60 ಸೆಂ.ಮೀ. ಹಿಂದೆ ಕೊಂಡಿ ಇದ್ದು, ಎರಡು ಚಕ್ರಗಳ ನಡುವಣ ದೂರ 1.4 ಮೀಟರ್ ಇದ್ದರೆ, ಕೊಂಡಿಯ ಮೇಲಿನ ಪ್ರತಿ 10 ಕಿ.ಗ್ರಾಂ ಭಾರಕ್ಕೂ ಮುಂದಿನ ಚಕ್ರ ಸುಮಾರು 4.3 ಕಿ.ಗ್ರಾಂ ಹಿಡಿತ ಕಳೆದುಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಒಬ್ಬರು, ಪಕ್ಕದ ಚೀಲಗಳಲ್ಲಿ ಸಾಮಾನು ಇದ್ದರೆ ಪರಿಣಾಮ ಇನ್ನೂ ಹೆಚ್ಚು. ಮೊದಲು ಸಾಮಾನನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ತೂಗಿ. ಆಮೇಲೆ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಹೆಚ್ಚಿಸಿ. ಕೊಂಡಿಯನ್ನು ಹಿಂದಿನ ಅಚ್ಚಿಗೆ ಆದಷ್ಟು ಹತ್ತಿರ, ಆದಷ್ಟು ಕೆಳಗೆ ತರುವುದು ಶಾಶ್ವತ ಪರಿಹಾರ.

ಕೊಂಡಿಯ ಬಳಿ ಕಟ್ ಎಂಬ ಸದ್ದು, ತಿರುವಿನಲ್ಲಿ ವಾಲಲು ತಡೆ

ಹೊರಡುವಾಗ ಒಮ್ಮೆ, ನಿಲ್ಲಿಸುವಾಗ ಒಮ್ಮೆ ಬೆನ್ನಿಗೆ ತಾಗುವಂತೆ ಕಟ್ ಎಂದರೆ ಕಪ್ಲರ್ ಒಳಗೆ ಬಾಲ್ ಸಡಿಲವಾಗಿದೆ ಎಂದರ್ಥ. ಬಾಲ್‌ನ ಅಳತೆಯನ್ನು ಮೊದಲು ಪರಿಶೀಲಿಸಿ. 50 ಮಿ.ಮೀ. ಬಾಲ್ ಬಹಳ ಕಡೆ ಬಳಕೆಯಲ್ಲಿದೆ, ಅಮೆರಿಕದ ಅಳತೆಯ ಸಣ್ಣ ಬಾಲ್ 1⅞ ಇಂಚು, ಅಂದರೆ 47.6 ಮಿ.ಮೀ. ಈ ಎರಡನ್ನು ಕಣ್ಣಳತೆಯಲ್ಲಿ ಬೇರೆ ಮಾಡುವುದು ಕಷ್ಟ. ದೊಡ್ಡ ಕಪ್ಲರ್ ಸಣ್ಣ ಬಾಲ್ ಮೇಲೆ ಕೂತಂತೆ ಕಂಡರೂ ಹಳ್ಳ ಸಿಕ್ಕಾಗ ಎಗರಿ ಬರುತ್ತದೆ. ಅಳತೆ ಸರಿಯಿದ್ದರೆ ಕಪ್ಲರ್‌ನ ಕೆಳಗಿನ ಬಿಗಿ ನಟ್ಟನ್ನು ಹೊಂದಿಸಿ, ಕೊಂಡಿ ಹಾಕಿದ ಮೇಲೆ ಮೂಕಿಯನ್ನು ಮೇಲಕ್ಕೆತ್ತಿ ನೋಡಿ. ಬೈಕಿನ ಹಿಂಭಾಗವೂ ಜೊತೆಗೆ ಏಳಬೇಕು. ಸದ್ದು ನಿಲ್ಲದಿದ್ದರೆ ಕೊಂಡಿಯ ಬೋಲ್ಟುಗಳನ್ನು ಬಿಚ್ಚಿ ರಂಧ್ರಗಳನ್ನು ನೋಡಿ. ದುಂಡಗಿರಬೇಕಾದ ರಂಧ್ರ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಆ ತಗಡನ್ನೇ ಬದಲಾಯಿಸಬೇಕು.

ತಿರುವಿನಲ್ಲಿ ಬೈಕ್ ವಾಲುತ್ತಾ ಹೋಗಿ ಒಂದು ಹಂತದಲ್ಲಿ ಗಟ್ಟಿಯಾಗಿ ತಡೆದು ನಿಂತಂತೆ ಅನ್ನಿಸುವುದು ಬೇರೆಯೇ ಸಂಗತಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾಮೂಲಿ ಬಾಲ್ ಮತ್ತು ಕಪ್ಲರ್ ಪಕ್ಕಕ್ಕೆ ಸುಮಾರು 25 ಡಿಗ್ರಿವರೆಗೆ ಮಾತ್ರ ಹೊರಳಲು ಬಿಡುತ್ತವೆ, ಬೈಕ್ ಅದಕ್ಕಿಂತ ಹೆಚ್ಚು ವಾಲಬಲ್ಲದು. ಅಲ್ಲಿಂದಾಚೆಗೆ ಬೈಕ್ ಟ್ರೈಲರ್‌ನ ಒಂದು ಚಕ್ರವನ್ನು ಎತ್ತುತ್ತದೆ, ಇಲ್ಲವೇ ಕೊಂಡಿ ಮುರಿಯುತ್ತದೆ. ಮೂಕಿಯ ಉದ್ದಕ್ಕೆ ಸುತ್ತಲೂ ತಿರುಗುವ ಸ್ವಿವೆಲ್ ಕಪ್ಲರ್ ಇದಕ್ಕಾಗಿಯೇ ಇರುವುದು. ಬೈಕ್ ಮಗುಚಿದರೂ ಟ್ರೈಲರ್ ನಿಂತಿರಲು ಅದು ಅವಕಾಶ ಕೊಡುತ್ತದೆ. ಸ್ವಿವೆಲ್ ಇದ್ದೂ ತಡೆಯಾಗುತ್ತಿದ್ದರೆ ಒಳಗಿನ ಗ್ರೀಸ್ ಒಣಗಿದೆ ಅಥವಾ ತುಕ್ಕು ಹಿಡಿದಿದೆ. ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿದಾಗ ಎಲ್ಲೂ ಹಿಡಿಯಬಾರದು. ಸುರಕ್ಷತಾ ಸರಪಳಿಗಳು ಮೂಕಿಯ ಕೆಳಗೆ ಅಡ್ಡಹಾಯ್ದು ಹೋಗಬೇಕು. ತಿರುವಿಗೆ ಸಾಲುವಷ್ಟು ಉದ್ದವಿದ್ದು, ನೆಲಕ್ಕೆ ತಾಗದಂತಿರಬೇಕು.

ಒಂದೇ ಬದಿಗೆ ಎಳೆತ, ಟೈರಿನ ಅಸಮ ಸವೆತ

ಮೊದಲು ಗಾಳಿ, ಆಮೇಲೆ ಸಾಮಾನು ಒಂದೇ ಪಕ್ಕಕ್ಕೆ ತುಂಬಿದೆಯೇ ಎಂಬುದು. ಇವೆರಡೂ ಸರಿಯಿದ್ದರೆ ಟೇಪು ಹಿಡಿಯಿರಿ. ಕಪ್ಲರ್‌ನ ನಡುಬಿಂದುವಿನಿಂದ ಅಚ್ಚಿನ ಎಡ ತುದಿಗೂ ಬಲ ತುದಿಗೂ ಇರುವ ದೂರ 3 ಮಿ.ಮೀ. ಒಳಗೆ ಸಮನಾಗಿರಬೇಕು, ಹೆಚ್ಚು ವ್ಯತ್ಯಾಸವಿದ್ದರೆ ಟ್ರೈಲರ್ ಓರೆಯಾಗಿ ಓಡುತ್ತಿದೆ. ಅಚ್ಚನ್ನು ಹಿಡಿದಿರುವ ಯು-ಬೋಲ್ಟುಗಳನ್ನು ಸಡಿಲಿಸಿ ಅಚ್ಚನ್ನು ಸರಿಸಿ, ಮತ್ತೆ ಬಿಗಿ ಮಾಡಿ, ಮತ್ತೆ ಅಳೆಯಿರಿ. ಬಿಗಿ ಮಾಡುವಾಗಲೇ ಅದು ಜರುಗುವುದುಂಟು.

ಟೈರಿನ ಸವೆತವೂ ಕಾರಣ ತಿಳಿಸುತ್ತದೆ. ನಡುಭಾಗ ಮಾತ್ರ ಸವೆದಿದ್ದರೆ ಹೊತ್ತಿರುವ ಭಾರಕ್ಕೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಎರಡು ಟೈರುಗಳ ಒಳ ಅಂಚು ಮಾತ್ರ ಸವೆದಿದ್ದರೆ ಅಚ್ಚು ಭಾರಕ್ಕೆ ಬಾಗಿರುವ ಸಂಭವ ಹೆಚ್ಚು. ಕೈಯಿಂದ ಸವರಿದಾಗ ಗರಗಸದ ಹಲ್ಲಿನಂತೆ ಒಂದು ದಿಕ್ಕಿನಲ್ಲಿ ಚುಚ್ಚಿದರೆ ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ. ಬಾಗಿದ ಅಚ್ಚನ್ನು ಕಾಯಿಸಿ ನೇರ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಾಯಿಸಿದ ಜಾಗದಲ್ಲಿ ಉಕ್ಕು ಮೊದಲಿನ ಗಟ್ಟಿತನ ಕಳೆದುಕೊಳ್ಳಬಹುದು. ಹೊಸದನ್ನೇ ಹಾಕಬೇಕು.

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳ ತಯಾರಿ ಗುರುತನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂಲೆಯಲ್ಲಿ ಬಿದ್ದಿದ್ದ ಟೈರ್ ಸವೆಯದಿದ್ದರೂ ಪಕ್ಕದ ರಬ್ಬರ್ ಬಿರಿದಿರುತ್ತದೆ. ಕೈಗಾಡಿಯ ಚಕ್ರಗಳನ್ನು ಟ್ರೈಲರ್‌ಗೆ ಹಾಕುವುದು ನೋಡಲು ಸುಲಭವಾದ ಉಳಿತಾಯ, ಆದರೆ ಅವು ರಸ್ತೆಯ ವೇಗಕ್ಕೆ ಮಾಡಿದವಲ್ಲ.

ಹಬ್ ಬಿಸಿಯಾಗುತ್ತದೆ, ಚಕ್ರದಿಂದ ಗುರ್ ಎಂಬ ಸದ್ದು

ಸಣ್ಣ ಚಕ್ರ ಎಷ್ಟು ಜೋರಾಗಿ ತಿರುಗುತ್ತದೆಂದು ಹಲವರು ಯೋಚಿಸಿರುವುದಿಲ್ಲ. 8 ಇಂಚಿನ ರಿಮ್ ಮೇಲೆ ಕೂರುವ 4.80-8 ಅಳತೆಯ ಟೈರಿನ ಸುತ್ತಳತೆ ಸುಮಾರು 1.3 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅಂದರೆ ಬೈಕಿನ ಚಕ್ರಕ್ಕಿಂತ ಒಂದೂವರೆ ಪಟ್ಟು. ಬೇರಿಂಗ್‌ನ ಸಣ್ಣ ಉಪೇಕ್ಷೆಯೂ ಇಲ್ಲಿ ಬೇಗ ಬಯಲಾಗುತ್ತದೆ.

ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ, ಅಂಗೈಯ ಹಿಂಬದಿಯನ್ನು ಹಬ್‌ಗೆ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗಕ್ಕೆ) ಮೊದಲು ಹತ್ತಿರ ತನ್ನಿ, ಶಾಖ ಸಹಿಸುವಂತಿದ್ದರೆ ಮಾತ್ರ ಮುಟ್ಟಿ. ಎರಡೂ ಹಬ್ ಸಮನಾಗಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಲ್ಲಿಂದ ಮುಂದೆ ಎಳೆಯಬೇಡಿ. ತಣ್ಣಗಾದ ಮೇಲೆ ಚಕ್ರವನ್ನು ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ, ಆಮೇಲೆ ತಿರುಗಿಸಿ. ಅಲುಗಾಟವಿದ್ದರೆ ಸಡಿಲ, ತಿರುಗಿಸಿದಾಗ ಮರಳು ಅರೆದಂತಾದರೆ ಬೇರಿಂಗ್ ಕೆಟ್ಟಿದೆ, ಬಿಗಿಯಾಗಿ ನಿಂತರೆ ನಟ್ಟು ಅತಿಯಾಗಿ ಬಿಗಿಯಾಗಿದೆ.

ಟೇಪರ್ ಬೇರಿಂಗ್ (ಓರೆಯಾಗಿ ಕೂರುವ ರೋಲರುಗಳ ಬೇರಿಂಗ್) ಇರುವ ಹಬ್‌ನಲ್ಲಿ ಚಕ್ರ ತಿರುಗಿಸುತ್ತಲೇ ನಟ್ಟನ್ನು ಬಿಗಿ ಮಾಡಿ ಬೇರಿಂಗ್ ಕೂರಿಸಿ, ಪೂರ್ತಿ ಸಡಿಲಿಸಿ, ಮತ್ತೆ ಬರೀ ಬೆರಳಿನ ಬಲದಿಂದ ಬಿಗಿ ಮಾಡಿ, ರಂಧ್ರ ಹೊಂದುವಲ್ಲಿ ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಬಿಚ್ಚಿದ ಗ್ರೀಸ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ, ಸೀಲ್ ಬದಲಾಯಿಸಿ. ಬೆಳಕಿಗೆ ಹಿಡಿದಾಗ ಲೋಹದ ಪುಡಿ ಮಿನುಗಿದರೆ ಬೇರಿಂಗ್ ಮತ್ತು ಅದರ ಹೊರ ಉಂಗುರ ಎರಡನ್ನೂ ಬದಲಾಯಿಸಬೇಕು. ಹಳೆಯ ಗ್ರೀಸ್ ಮೇಲೆ ಬೇರೆ ಜಾತಿಯ ಗ್ರೀಸ್ ತುಂಬಬಾರದು. ತೊಳೆದು, ಒರೆಸಿ, ಹೊಸದು ತುಂಬಿ. ಅಚ್ಚಿನ ತುದಿ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅತಿ ಶಾಖಕ್ಕೆ ಉಕ್ಕೇ ಕೆಟ್ಟಿದೆ ಎಂದು ತಿಳಿದು ಅಚ್ಚನ್ನೇ ಬದಲಾಯಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 50ರಿಂದ 100 ಕಿ.ಮೀ. ಒಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಬೇಕು.

ಖಾಲಿ ಟ್ರೈಲರ್ ಪುಟಿಯುತ್ತದೆ

ಸ್ಪ್ರಿಂಗ್ ಭಾರಕ್ಕೆ ಮೀರಿ ಗಟ್ಟಿಯಾಗಿದೆ, ಅಷ್ಟೇ. ಗಟ್ಟಿಯಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ 300 ಕಿ.ಗ್ರಾಂ ಹೊರುವ ಸ್ಪ್ರಿಂಗ್ ಅನ್ನು 70 ಕಿ.ಗ್ರಾಂ ಟ್ರೈಲರ್‌ಗೆ ಹಾಕಿದರೆ ಅದು ಬಾಗುವುದೇ ಇಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಗಾಳಿ ಗರಿಷ್ಠ ಭಾರಕ್ಕೆ ಹೇಳಿದ್ದು. ಟೈರ್ ತಯಾರಕರ ಭಾರದ ಪಟ್ಟಿಗೆ ತಕ್ಕಂತೆ ಇಳಿಸಿ ನೋಡಿ. ಆಮೇಲೆ ಮಾತ್ರ ಪಟ್ಟಿ ಸ್ಪ್ರಿಂಗ್‌ನ ಒಂದು ಪಟ್ಟಿ ತೆಗೆಯುವುದು ಅಥವಾ ಶಾಕ್ ಅಬ್ಸಾರ್ಬರ್ ಸೇರಿಸುವುದು.

ದೀಪಗಳು ವಿಚಿತ್ರವಾಗಿ ವರ್ತಿಸುತ್ತವೆ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಹೊಳೆಯುವುದು, ಒಂದು ಕಡೆಯ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಿನುಗುವುದು: ಇಂಥ ಗೊಂದಲದ ಲಕ್ಷಣಗಳೆಲ್ಲ ಬಹುಪಾಲು ಅರ್ತಿಂಗ್ ದೋಷವೇ. ಹಿಂದಿರುಗಲು ಸರಿಯಾದ ದಾರಿ ಸಿಗದ ವಿದ್ಯುತ್ ಬೇರೆ ಬಲ್ಬಿನ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಕೊಂಡಿಯ ಬಾಲ್ ಮೂಲಕ ಅರ್ತಿಂಗ್ ಸಿಗುತ್ತದೆಂದು ನೆಚ್ಚಬಾರದು, ಅಲ್ಲಿ ಗ್ರೀಸೂ ತುಕ್ಕೂ ಇರುತ್ತವೆ. ಪ್ಲಗ್‌ನಿಂದ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ತಂತಿ ಎಳೆಯಬೇಕು. ಪರೀಕ್ಷಿಸಲು ದೀಪ ಉರಿಯುವಾಗ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ದೀಪದ ಅರ್ತ್‌ಗೂ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಜೋಡಣೆ ಕೆಟ್ಟಿದೆ.

ಒಂದೇ ಬದಿಯ ಇಂಡಿಕೇಟರ್ ಬೇಗ ಬೇಗ ಮಿನುಗಿದರೆ ಆ ಬದಿಯ ಬಲ್ಬನ್ನೂ ಹೋಲ್ಡರನ್ನೂ ನೋಡಿ. ಟ್ರೈಲರ್ ಸಿಕ್ಕಿಸಿದ ಮೇಲೆ ಎರಡೂ ಬದಿ ಲಯ ತಪ್ಪಿದರೆ ಇಂಡಿಕೇಟರ್ ಮಿನುಗಿಸುವ ಫ್ಲಾಷರ್ ರಿಲೇ ಹೊಸ ವಿದ್ಯುತ್ ಭಾರಕ್ಕೆ ಹೊಂದುತ್ತಿಲ್ಲ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಿ ಸುಮ್ಮನಾಗುವುದು ಬೆಂಕಿಗೆ ಆಹ್ವಾನ. ಲೆಕ್ಕ ಹಾಕಿ: 21 ವಾಟ್‌ನ ಎರಡು ಬ್ರೇಕ್ ಬಲ್ಬು, 5 ವಾಟ್‌ನ ಎರಡು ಹಿಂಬದಿ ಬಲ್ಬು ಸೇರಿ 52 ವಾಟ್, 12 ವೋಲ್ಟ್‌ನಲ್ಲಿ ಅದು 4 ಆಂಪಿಯರ್‌ಗೂ ಮೀರುತ್ತದೆ. ಬೈಕಿನ ತೆಳು ತಂತಿಗಳು ಬೈಕಿನ ದೀಪಗಳಿಗಷ್ಟೇ ಲೆಕ್ಕ ಹಾಕಿದವು. ಎಲ್‌ಇಡಿ ದೀಪ ಹಾಕಿದರೆ ಭಾರ ಬಹಳ ಇಳಿಯುತ್ತದೆ. ಕಂಪ್ಯೂಟರ್ ನಿಯಂತ್ರಣದ ಬೈಕಾದರೆ ಬ್ಯಾಟರಿಯಿಂದ ನೇರ ಫ್ಯೂಸ್ ಮೂಲಕ ವಿದ್ಯುತ್ ಪಡೆಯುವ, ಬೈಕಿನ ದೀಪದ ತಂತಿಯಿಂದ ಸೂಚನೆಯನ್ನಷ್ಟೇ ತೆಗೆದುಕೊಳ್ಳುವ ಐಸೊಲೇಟರ್ ಮಾಡ್ಯೂಲ್ ಬೇಕು. ಡ್ಯಾಷ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಉಳಿದುಕೊಂಡರೆ, ತಂತಿಯ ಹೊದಿಕೆ ಕರಗಿದ್ದರೆ ಎಲೆಕ್ಟ್ರಿಷಿಯನ್ ಬಳಿ ಹೋಗುವ ಹೊತ್ತು ಅದು.

ಚೌಕಟ್ಟಿನಲ್ಲಿ ಗೆರೆ ಅಥವಾ ಬಿರುಕು

ಮೂಕಿ ಚೌಕಟ್ಟಿಗೆ ಸೇರುವ ಮುಂದಿನ ಅಡ್ಡಪಟ್ಟಿಯನ್ನು ಮೊದಲು ನೋಡಿ, ಅಲ್ಲೇ ಬಾಗುವ ಒತ್ತಡ ಹೆಚ್ಚು. ಬಣ್ಣದ ಮೇಲೆ ಕೂದಲಿನಷ್ಟು ತೆಳುವಾದ ತುಕ್ಕಿನ ಗೆರೆ ಕಂಡರೆ ಬಟ್ಟೆಯಿಂದ ಒರೆಸಿ, ಸ್ವಲ್ಪ ಸೀಮೆಎಣ್ಣೆ ಸವರಿ, ಮೇಲ್ಭಾಗವನ್ನು ಚೆನ್ನಾಗಿ ಒರೆಸಿ ಒಣಗಿಸಿ, ಸೀಮೆಸುಣ್ಣ ಉಜ್ಜಿ ಬಿಡಿ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಮೇಲೆ ಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಬಿರುಕಿನ ಮೇಲೆಯೇ ವೆಲ್ಡಿಂಗ್ ಎಳೆದು ಮುಚ್ಚಿದರೆ ಅದು ಪಕ್ಕದಲ್ಲಿ ಮತ್ತೆ ತೆರೆಯುತ್ತದೆ. ತುದಿಯಲ್ಲಿ 3 ಮಿ.ಮೀ. ರಂಧ್ರ ಕೊರೆದು ಬಿರುಕು ಮುಂದುವರಿಯದಂತೆ ತಡೆದು, ಪೂರ್ತಿ ಉಜ್ಜಿ ತೆಗೆದು, ಎಣ್ಣೆಯ ಪಸೆ ಉಳಿಯದಂತೆ ಮಾಡಿ, ಬೆಸೆದು, ಮೇಲೆ ತಟ್ಟೆಯ ಬಲ ಕೊಡಬೇಕು. ಬೆಸೆಯುವ ಮೊದಲು ಟ್ರೈಲರನ್ನು ಬೈಕಿನಿಂದ ಪೂರ್ತಿ ಬೇರ್ಪಡಿಸಿ, ಪ್ಲಗ್ ಕಳಚಿ. ಸತುವಿನ ಲೇಪನವಿದ್ದರೆ ಅದನ್ನು ಉಜ್ಜಿ ತೆಗೆದು, ಗಾಳಿಯಾಡುವ ಜಾಗದಲ್ಲಿ ಮಾಡಿಸಿ. ಆ ಹೊಗೆ ಕುಡಿದವರಿಗೆ ಜ್ವರ, ನಡುಕ ಬರುತ್ತದೆ.

ಬಿರುಕು ಬೈಕಿನ ಚೌಕಟ್ಟಿನಲ್ಲಿದ್ದರೆ ಮನೆಯಲ್ಲಿ ಏನನ್ನೂ ಮಾಡಬೇಡಿ. ಕೊಂಡಿಯನ್ನು ಬರೀ ಲಗೇಜ್ ಕ್ಯಾರಿಯರ್‌ಗೋ ಬೋಲ್ಟು ಹಾಕಿ ಕೂರಿಸಿದ ಹಿಂದಿನ ಸಬ್‌ಫ್ರೇಮ್‌ಗೋ (ಸೀಟನ್ನು ಹೊರುವ ಉಪಚೌಕಟ್ಟು) ಕಟ್ಟಿದ ಬೈಕುಗಳಲ್ಲಿ ಇದು ಸಹಜವಾಗಿ ಬರುವ ದೋಷ, ಏಕೆಂದರೆ ಆ ಭಾಗಗಳು ಎಳೆಯುವುದಕ್ಕೆ ಮಾಡಿದವಲ್ಲ.

ಕ್ಲಚ್ ವಾಸನೆ, ನಿಲ್ಲಿಸಲು ಹೆಚ್ಚು ದೂರ

ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ ಜಾರುತ್ತಿದೆ. ಲಿವರ್‌ನ ಅಲುಗಾಟ ಹೊಂದಿಸಿ ನೋಡಿ. ಆದರೂ ಜಾರಿದರೆ ತೂಕ ಇಳಿಸಿ. ಬ್ರೇಕ್ ವಿಷಯದಲ್ಲಿ ಹೊಂದಿಸುವಂಥದ್ದು ಹೆಚ್ಚೇನಿಲ್ಲ. ಟ್ರೈಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಪೂರ್ತಿ ತೂಕವನ್ನು ಬೈಕೇ ತಡೆಯಬೇಕು, ವೇಗ ಎರಡರಷ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ತಿರುವಿಗೆ ಮೊದಲೇ, ಬೈಕ್ ನೆಟ್ಟಗಿರುವಾಗಲೇ ವೇಗ ಇಳಿಸಿ ಮುಗಿಸಬೇಕು. ಪ್ಯಾಡ್ ಹೊಸದಿದ್ದೂ ನಿಲ್ಲುವುದು ಕಷ್ಟವಾದರೆ ಆ ಬೈಕಿಗೆ ಆ ಭಾರ ತಕ್ಕದ್ದಲ್ಲ.

ಪೆಟ್ಟಿಗೆಯೊಳಗೆ ನೀರು, ಧೂಳು

ಓಡುವಾಗ ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಯ ಒತ್ತಡ ಇಳಿಯುವುದರಿಂದ ಚಕ್ರ ಎಬ್ಬಿಸಿದ ಧೂಳು ಹಿಂದಿನ ಬಾಗಿಲಿನ ಸಂದಿಯಲ್ಲಿ ಒಳಗೆ ಸೆಳೆಯಲ್ಪಡುತ್ತದೆ. ರಾತ್ರಿ ಒಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಳ ಹಾಕಿ ಸುತ್ತ ನೋಡಿದರೆ ಬೆಳಕು ಎಲ್ಲಿ ಸೋರುತ್ತದೋ ಅಲ್ಲೇ ಧೂಳೂ ನೀರೂ ಹೊಗುವುದು. ಅಲ್ಲಿ ರಬ್ಬರ್ ಸೀಲ್ ಹಾಕಿ, ಕೀಲುಗಳ ಬೋಲ್ಟಿಗೆ ರಬ್ಬರ್ ವಾಷರ್ ಕೊಡಿ. ಮಡ್‌ಗಾರ್ಡ್ ಗಿಡ್ಡವಾಗಿದ್ದರೆ ಉದ್ದ ಮಾಡಿ. ತಳದ ಎರಡು ಮೂಲೆಗಳಲ್ಲಿ 6 ಮಿ.ಮೀ. ರಂಧ್ರ ಬಿಟ್ಟು, ಅದಕ್ಕೆ ಹೊರಗಿನಿಂದ ಹಿಂಬದಿಗೆ ಬಾಗಿದ ಸಣ್ಣ ಕೊಳವೆ ಕೂರಿಸಿದರೆ ಹೊಕ್ಕ ನೀರು ಹೊರಗೆ ಹೋಗುತ್ತದೆ, ಚಕ್ರ ಎರಚಿದ ನೀರು ಒಳಗೆ ಬರುವುದಿಲ್ಲ.